ಮನೆಯ ಈಜುಕೊಳದ ನೀರು ಕೆಟ್ಟಾಗ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೊಸ ಬಡಾವಣೆಗಳಲ್ಲಿ, ಇಲವಾಲ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ತೋಟದ ಮನೆಗಳಲ್ಲಿ ಈಜುಕೊಳ ಕಟ್ಟಿಸಿಕೊಂಡವರು ಮಾತಿಗೆ ಸಿಕ್ಕಾಗಲೂ ಪತ್ರ ಬರೆದಾಗಲೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಎಲ್ಲ ಉತ್ತರಗಳ ಹಿಂದೆ ನನ್ನದೊಂದೇ ಹಟ: ಅಳೆಯದೆ ಏನನ್ನೂ ಸುರಿಯಬಾರದು, ಸರಿಮಾಡಬಹುದಾದ ನೀರನ್ನು ಚರಂಡಿಗೆ ಬಿಡಬಾರದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸುವುದನ್ನೇ ನಿಷೇಧಿಸಬೇಕಾಯಿತು. ಕಾವೇರಿ ಪಕ್ಕದಲ್ಲೇ ಹರಿಯುತ್ತಾಳೆ ಎಂದು ನಾವು ಮೈಮರೆಯುವ ಹಾಗಿಲ್ಲ.

## ಮೊದಲು ತಿಳಿಯಬೇಕಾದದ್ದು

ನಮ್ಮ ಕೊಳದಲ್ಲಿ ಎಷ್ಟು ಲೀಟರ್ ನೀರಿದೆಯೋ ಗೊತ್ತಿಲ್ಲ. ಅದು ಅಷ್ಟು ಮುಖ್ಯವೇ?

ಮುಖ್ಯ. ರಾಸಾಯನಿಕದ ಪ್ರಮಾಣವೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದೆ. ಉದ್ದ, ಅಗಲ, ಸರಾಸರಿ ಆಳವನ್ನು ಮೀಟರ್‌ನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್ ಮತ್ತು ಇನ್ನೊಂದು ತುದಿಯಲ್ಲಿ 1.5 ಮೀಟರ್ ಆಳವಿದ್ದರೆ ಸರಾಸರಿ ಆಳ 1.25, ನೀರು 40,000 ಲೀಟರ್. ಅಡಿಯಲ್ಲಿ ಅಳೆದವರು ಘನ ಅಡಿಯನ್ನು 28.3ರಿಂದ ಗುಣಿಸಲಿ. ಆಳವನ್ನು ಗೋಡೆಯ ಅಂಚಿನಿಂದಲ್ಲ, ನೀರಿನ ಮಟ್ಟದಿಂದ ಅಳೆಯಿರಿ. ಸಿಕ್ಕಿದ ಸಂಖ್ಯೆಯನ್ನು ಪಂಪಿನ ಕೋಣೆಯ ಗೋಡೆಯ ಮೇಲೆ ಬರೆದುಬಿಡಿ. ಕೆಲಸದವರು ಬದಲಾದರೂ ಲೆಕ್ಕ ಬದಲಾಗದು.

ಏನೇನು ಅಳೆಯಬೇಕು, ಎಷ್ಟೆಷ್ಟು ಇರಬೇಕು?

ಐದು ಸಂಗತಿ. ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ, 7.2ರಿಂದ 7.8ರ ಒಳಗೆ, 7.5ರ ಸುತ್ತ ಇದ್ದರೆ ಉತ್ತಮ. ಮುಕ್ತ ಕ್ಲೋರಿನ್, ಅಂದರೆ ಇನ್ನೂ ಕೆಲಸ ಮಾಡಬಲ್ಲ ಕ್ಲೋರಿನ್, 2ರಿಂದ 4 ಪಿಪಿಎಂ. ಒಟ್ಟು ಕ್ಷಾರೀಯತೆ, ಅಂದರೆ ಪಿಎಚ್ ಏರಿಳಿತವನ್ನು ತಡೆಹಿಡಿಯುವ ಗುಣ, 80ರಿಂದ 120. ಕ್ಯಾಲ್ಸಿಯಂ ಗಡಸುತನ 200ರಿಂದ 400. ಬಿಸಿಲಿಗೆ ತೆರೆದ ಕೊಳವಾದರೆ ಕ್ಲೋರಿನ್ ಅನ್ನು ಬಿಸಿಲಿನಿಂದ ಕಾಯುವ ಸ್ಟೆಬಿಲೈಸರ್, ಅಂದರೆ ಸಯನೂರಿಕ್ ಆಮ್ಲ, 30ರಿಂದ 50. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ.

ಪಿಎಚ್ ಮತ್ತು ಕ್ಲೋರಿನ್ ಅನ್ನು ಬೇಸಿಗೆಯಲ್ಲಿ ದಿನವೂ, ಕ್ಷಾರೀಯತೆಯನ್ನು ವಾರಕ್ಕೊಮ್ಮೆ, ಉಳಿದೆರಡನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಅಳೆಯುವ ನೀರನ್ನು ಮೇಲ್ಮೈಯಿಂದ ತೆಗೆಯಬೇಡಿ. ಒಳಹರಿವಿನ ನಳಿಗೆಯಿಂದ ದೂರ ಕುಳಿತು, ಸೀಸೆಯನ್ನು ತಲೆಕೆಳಗಾಗಿ ಮೊಣಕೈ ಮುಳುಗುವಷ್ಟು ಇಳಿಸಿ, ಅಲ್ಲಿ ತಿರುಗಿಸಿ ತುಂಬಿಸಿ.

ಅಂಗಡಿಯಲ್ಲಿ ಕೊಟ್ಟ ಕಿಟ್‌ನಲ್ಲಿ ನೀರು ಹಳದಿಯಾಗುತ್ತದೆ, ಪಕ್ಕದ ಮನೆಯವರ ಕಿಟ್‌ನಲ್ಲಿ ಗುಲಾಬಿಯಾಗುತ್ತದೆ. ಯಾವುದು ಸರಿ?

ಗುಲಾಬಿಯದನ್ನು ಕೊಳ್ಳಿ. ಹಳದಿ ಬಣ್ಣ ಕೊಡುವುದು ಆರ್ಥೋಟಾಲಿಡಿನ್. ಅದು ತೋರಿಸುವುದು ಒಟ್ಟು ಕ್ಲೋರಿನ್. ಕೆಲಸ ಮಾಡುವ ಕ್ಲೋರಿನ್ ಎಷ್ಟು, ಕೆಲಸ ಮುಗಿಸಿ ವಾಸನೆಯಾಗಿ ಕುಳಿತದ್ದೆಷ್ಟು ಎಂದು ಬೇರ್ಪಡಿಸಿ ಹೇಳುವುದಿಲ್ಲ. ಗುಲಾಬಿ ಬಣ್ಣದ ಡಿಪಿಡಿ ಪರೀಕ್ಷೆ ಎರಡನ್ನೂ ಬೇರೆಬೇರೆಯಾಗಿ ಕೊಡುತ್ತದೆ.

ಡಿಪಿಡಿಯಲ್ಲೂ ಒಂದು ಎಚ್ಚರ ಬೇಕು. ಕ್ಲೋರಿನ್ ತೀರಾ ಹೆಚ್ಚಿದ್ದರೆ ಗುಲಾಬಿ ಬಣ್ಣ ಒಂದು ಕ್ಷಣ ಮಿಂಚಿ ಬಿಳುಚಿಕೊಳ್ಳುತ್ತದೆ. ನೋಡಿದವರು ಕ್ಲೋರಿನ್ ಸೊನ್ನೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಕ್ಯಾನ್ ನೀರು ಬೆರೆಸಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ. ಪರೀಕ್ಷೆ ಮಾಡಿದ ನೀರನ್ನು ಕೊಳಕ್ಕೆ ಮರಳಿ ಸುರಿಯಬೇಡಿ.

ಬೋರ್‌ವೆಲ್ ನೀರು ತುಂಬಿಸುವುದೋ, ಕಾವೇರಿ ನೀರೋ, ಟ್ಯಾಂಕರ್ ನೀರೋ?

ರಾಸಾಯನಿಕವಾಗಿ ನೋಡಿದರೆ ಹೊಳೆಯ ನೀರು ಮೆದು, ನಿಭಾಯಿಸಲು ಸುಲಭ. ಆದರೆ ಕುಡಿಯುವ ನೀರನ್ನು ಕೊಳಕ್ಕೆ ಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಕಡೆ ಕಲ್ಲುಬಂಡೆಯ ಸೀಳುಗಳಿಂದ ಬರುವ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರೀಯತೆಯೂ ಹೆಚ್ಚು. ಕೆಲವು ಕಡೆ ಕಬ್ಬಿಣವೂ ಇರುತ್ತದೆ. ಟ್ಯಾಂಕರ್ ನೀರೂ ಬಹುಪಾಲು ಯಾರದೋ ಬೋರ್‌ವೆಲ್‌ನದ್ದೇ. ಮೂರರಲ್ಲಿ ಯಾವುದೇ ಆಗಲಿ, ತುಂಬಿಸುವ ಮುಂಚೆ ಒಂದು ಸೀಸೆ ಹಿಡಿದು ಗಡಸುತನ, ಕ್ಷಾರೀಯತೆ, ಕಬ್ಬಿಣ ಅಳೆಸಿ.

ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ನಾಲ್ಕನೆಯ ಮೂಲವೊಂದಿದೆ: ತಾರಸಿಯ ಮಳೆನೀರು. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ 800 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಬೀಳುವುದು ಸುಮಾರು 80,000 ಲೀಟರ್. ಅದರಲ್ಲಿ ಗಡಸುತನ ಇಲ್ಲವೇ ಇಲ್ಲ ಎನ್ನಬಹುದು. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಸೋಸಿ ತೊಟ್ಟಿಯಲ್ಲಿ ಹಿಡಿದರೆ ವರ್ಷವಿಡೀ ಕೊಳದ ಮಟ್ಟ ಕಾಯಲು ಇದಕ್ಕಿಂತ ಒಳ್ಳೆಯ ನೀರಿಲ್ಲ.

ಬ್ಲೀಚಿಂಗ್ ಪುಡಿ, ದ್ರವ ಕ್ಲೋರಿನ್, ಮಾತ್ರೆ: ಯಾವುದನ್ನು ಕೊಳ್ಳಲಿ?

40,000 ಲೀಟರ್ ನೀರಿಗೆ 1 ಪಿಪಿಎಂ ಏರಿಸಲು 40 ಗ್ರಾಂ ಕ್ಲೋರಿನ್ ಬೇಕು. ಶೇ 10ರ ದ್ರವ ಹೈಪೋಕ್ಲೋರೈಟ್ ಆದರೆ 400 ಮಿಲಿಲೀಟರ್, ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳಾದರೆ 60 ಗ್ರಾಂ ಮೇಲೆ ಸ್ವಲ್ಪ, ಶೇ 33ರ ಬ್ಲೀಚಿಂಗ್ ಪುಡಿಯಾದರೆ 120 ಗ್ರಾಂ, ಶೇ 90ರ ಟಿಸಿಸಿಎ (ಸ್ಟೆಬಿಲೈಸರ್ ಕೂಡಿದ ಕ್ಲೋರಿನ್) ಮಾತ್ರೆಯಾದರೆ 45 ಗ್ರಾಂ.

ಪ್ರತಿಯೊಂದೂ ತನ್ನ ಹಿಂದೆ ಏನನ್ನೋ ಬಿಟ್ಟುಹೋಗುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಕರಗದ ಸುಣ್ಣ ಬರುತ್ತದೆ. ನೀರು ಮಸುಕಾಗುತ್ತದೆ, ಗಡಸುತನವೂ ಪಿಎಚ್ ಕೂಡ ಏರುತ್ತವೆ. ಹರಳೂ ಕ್ಯಾಲ್ಸಿಯಂ ಸೇರಿಸುತ್ತದೆ. ಮಾತ್ರೆ ಆಮ್ಲೀಯ, ಜೊತೆಗೆ ಸ್ಟೆಬಿಲೈಸರ್ ಅನ್ನು ಕೂಡಿಸುತ್ತಲೇ ಹೋಗುತ್ತದೆ. ನಮ್ಮ ಗಡಸು ನೀರಿಗೆ ದ್ರವ ಹೈಪೋಕ್ಲೋರೈಟ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರ ದೋಷವೆಂದರೆ ಬಿಸಿಲು, ಸೆಖೆಗೆ ಬಲ ಕಳೆದುಕೊಳ್ಳುವುದು. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇಟ್ಟ ಕ್ಯಾನಿನಲ್ಲಿ ಶೇ 10 ಉಳಿದಿರುವುದಿಲ್ಲ. ಕಡಿಮೆ ಕೊಳ್ಳಿ, ನೆರಳಿನಲ್ಲಿಡಿ. ಹಳ್ಳಿಯಲ್ಲಿ ಬ್ಲೀಚಿಂಗ್ ಪುಡಿ ಮಾತ್ರ ಸಿಗುವುದಾದರೆ ಬಕೆಟ್ ನೀರಿನಲ್ಲಿ ಕದಡಿ, ಕೆಲವು ಗಂಟೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಹಾಕಿ.

ಆಸಿಡ್ ಮತ್ತು ಕ್ಲೋರಿನ್ ಒಟ್ಟಿಗೆ ಹಾಕಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ?

ಖಂಡಿತ ಬೇಡ. ಹೈಪೋಕ್ಲೋರೈಟ್ ಮತ್ತು ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಟಿಸಿಸಿಎ ಮತ್ತು ಬ್ಲೀಚಿಂಗ್ ಪುಡಿ, ಅಥವಾ ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಎರಡೂ ಬಿಳಿ, ಎರಡೂ ಕ್ಲೋರಿನ್ ಎಂದು ಒಂದೇ ಲೋಟದಲ್ಲಿ ಅಳೆಯುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಒಂದೊಂದಕ್ಕೂ ಒಂದೊಂದು ಲೋಟ ಇರಲಿ. ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಕೈಗವಸು, ಕನ್ನಡಕ ಧರಿಸಿ, ಗಾಳಿಗೆ ಬೆನ್ನುಮಾಡಿ ನಿಂತು ಸುರಿಯಿರಿ. ಒಂದು ರಾಸಾಯನಿಕಕ್ಕೂ ಇನ್ನೊಂದಕ್ಕೂ ನಡುವೆ ಪಂಪು ಒಂದು ಗಂಟೆಯಾದರೂ ಓಡಲಿ. ಕೆಲಸದವರ ಕೈಗೆ ಕ್ಯಾನು ಕೊಡುವ ಮೊದಲು ಇಷ್ಟನ್ನೂ ಅವರಿಗೆ ಹೇಳುವುದು ಮನೆಯವರ ಜವಾಬ್ದಾರಿ.

## ದಿನನಿತ್ಯದ ತೊಂದರೆಗಳು

ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ, ಮಕ್ಕಳ ಕಣ್ಣು ಕೆಂಪಾಗುತ್ತದೆ. ಕ್ಲೋರಿನ್ ಕಡಿಮೆ ಮಾಡಲೇ?

ಬೇಡ, ಹೆಚ್ಚಿಸಬೇಕು. ಆ ಘಾಟು ಒಳ್ಳೆಯ ಕ್ಲೋರಿನ್‌ನದ್ದಲ್ಲ. ಬೆವರು, ಮೂತ್ರದಲ್ಲಿರುವ ಸಾರಜನಕದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮಿನ್‌ನದ್ದು. ಒಟ್ಟು ಕ್ಲೋರಿನ್‌ನಿಂದ ಮುಕ್ತ ಕ್ಲೋರಿನ್ ಕಳೆದರೆ ಉಳಿಯುವುದೇ ಇದು, ಸಂಯೋಜಿತ ಕ್ಲೋರಿನ್. ಅದು 0.4 ದಾಟಿದ್ದರೆ, ಅದರ ಹತ್ತು ಪಟ್ಟು ಕ್ಲೋರಿನ್ ಅನ್ನು ಒಂದೇ ಸಲಕ್ಕೆ ಹಾಕಿ ಸುಟ್ಟುಬಿಡಬೇಕು. 0.6 ಇದ್ದರೆ 6 ಪಿಪಿಎಂ. 40,000 ಲೀಟರ್‌ಗೆ ಶೇ 10ರ ದ್ರವ 2.4 ಲೀಟರ್. ಸಂಜೆ ಹಾಕಿ, ಮುಚ್ಚುಗೆ ತೆಗೆದಿಟ್ಟು ರಾತ್ರಿಯಿಡೀ ಪಂಪು ಓಡಿಸಿ. ಮುಕ್ತ ಕ್ಲೋರಿನ್ 4ಕ್ಕೆ ಇಳಿಯುವವರೆಗೆ ಯಾರೂ ಇಳಿಯಬಾರದು. ದಸರಾ ರಜೆಯಲ್ಲಿ ನೆಂಟರ ಮಕ್ಕಳೆಲ್ಲ ಸೇರಿದಾಗ ಈ ತೊಂದರೆ ಬಂದೇ ಬರುತ್ತದೆ. ಇಳಿಯುವ ಮೊದಲು ಶೌಚಾಲಯಕ್ಕೆ ಕಳಿಸಿ ಸೋಪು ಹಚ್ಚಿ ಸ್ನಾನ ಮಾಡಿಸಿದರೆ ಎಷ್ಟೋ ಕ್ಲೋರಿನ್ ಉಳಿತಾಯವಾಗುತ್ತದೆ.

ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಇರುವುದೇ ಇಲ್ಲ. ಎಲ್ಲಿಗೆ ಹೋಗುತ್ತದೆ?

ಬಿಸಿಲು ತಿಂದಿರುತ್ತದೆ, ಇಲ್ಲವೇ ಪಾಚಿ ತಿಂದಿರುತ್ತದೆ. ಯಾವುದೆಂದು ತಿಳಿಯಲು ಒಂದು ರಾತ್ರಿ ಸಾಕು. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಹಾಕಿ, ಒಂದು ಗಂಟೆ ಪಂಪು ಓಡಿಸಿ ಅಳೆಯಿರಿ. ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ಇಳಿಕೆ 1 ಪಿಪಿಎಂ ಮೀರಿದ್ದರೆ ನೀರಿನಲ್ಲಿ ಜೀವವಿದೆ, ಕಣ್ಣಿಗೆ ಕಾಣದಿದ್ದರೂ. ರಾತ್ರಿ ಇಳಿಯದೆ ಹಗಲಿನಲ್ಲಷ್ಟೇ ಕಾಣೆಯಾದರೆ ಬಿಸಿಲಿನ ಕೆಲಸ. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ನಡುಹಗಲ ಬಿಸಿಲು ಎರಡು ಗಂಟೆಯಲ್ಲಿ ಬಹುಪಾಲು ಕ್ಲೋರಿನ್ ಅನ್ನು ಮುಗಿಸಿಬಿಡುತ್ತದೆ. ಸ್ಟೆಬಿಲೈಸರ್ 30ಕ್ಕೆ ತನ್ನಿ. ಕ್ಲೋರಿನ್ ಹಾಕುವುದನ್ನು ಸಂಜೆಗೆ ಬದಲಿಸಿ.

ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ನೀರು ಹಸಿರಾಗಿದೆ. ಪೂರ್ತಿ ಖಾಲಿ ಮಾಡಿಸಲೇ?

ಖಾಲಿ ಮಾಡಬೇಡಿ. ಹಸಿರು ನೀರನ್ನು ಕೆಲವೇ ದಿನಗಳಲ್ಲಿ ತಿಳಿಯಾಗಿಸಬಹುದು, ಬೇಕಾದದ್ದು ಪಟ್ಟು.

ಮೊದಲು ಬಲೆಯಿಂದ ಎಲೆ, ಕಸ ಎತ್ತಿ. ಹೊಂಗೆ, ಗುಲ್ಮೊಹರ್ ಮರದ ಕೆಳಗಿನ ಕೊಳವಾದರೆ ತಳದಲ್ಲಿ ಬುಟ್ಟಿಗಟ್ಟಲೆ ಕೊಳೆತ ಎಲೆ ಇರುತ್ತದೆ, ಹಾಕಿದ ಕ್ಲೋರಿನ್ ಎಲ್ಲ ಅದಕ್ಕೇ ಹೋಗುತ್ತದೆ. ಆಮೇಲೆ ಆಸಿಡ್ ಹಾಕಿ ಪಿಎಚ್ ಅನ್ನು 7.2ಕ್ಕೆ ಇಳಿಸಿ. ಇದನ್ನು ಮೊದಲೇ ಮಾಡಬೇಕು, ಏಕೆಂದರೆ ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಪರೀಕ್ಷೆಯನ್ನು ನಂಬಲಾಗದು. ಈಗ ಕ್ಲೋರಿನ್ ಅನ್ನು ಸ್ಟೆಬಿಲೈಸರ್‌ನ ಶೇ 40ರಷ್ಟು ಮಟ್ಟಕ್ಕೆ ಏರಿಸಿ. ಸ್ಟೆಬಿಲೈಸರ್ 40 ಇದ್ದರೆ ಕ್ಲೋರಿನ್ 16. 40,000 ಲೀಟರ್‌ಗೆ ಶೇ 10ರ ದ್ರವ 6.4 ಲೀಟರ್.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಮರುದಿನ ಹಸಿರು ಹಾಗೇ ಇರುವುದನ್ನು ಕಂಡು ಕೈಚೆಲ್ಲುತ್ತಾರೆ. ಒಂದು ಸಲ ಸುರಿದರೆ ಸಾಲದು, ಆ ಮಟ್ಟವನ್ನು ಹಿಡಿದಿಡಬೇಕು. ಬೆಳಿಗ್ಗೆ, ಸಂಜೆ ಅಳೆದು ಕಡಿಮೆಯಾದಷ್ಟನ್ನು ಮತ್ತೆ ಸೇರಿಸಿ. ಗೋಡೆ, ಮೆಟ್ಟಿಲಿನ ಮೂಲೆ, ದೀಪದ ಹಿಂದಿನ ಸಂದು, ಏಣಿಯ ಬುಡ, ಎಲ್ಲವನ್ನೂ ದಿನವೂ ಬ್ರಷ್‌ನಿಂದ ಉಜ್ಜಿ. ಪಂಪು ನಿಲ್ಲಬಾರದು. ಹಸಿರು ಹೋಗಿ ಬೂದುಬಣ್ಣ ಬಂದರೆ ಪಾಚಿ ಸತ್ತಿದೆ ಎಂದು ಅರ್ಥ. ಇನ್ನು ಉಳಿದದ್ದು ಫಿಲ್ಟರ್‌ನ ಕೆಲಸ. ನೀರು ತಿಳಿಯಾಗಿ, ಸಂಯೋಜಿತ ಕ್ಲೋರಿನ್ 0.5ಕ್ಕಿಂತ ಕಡಿಮೆಯಾಗಿ, ರಾತ್ರಿಯ ಇಳಿಕೆ 1 ಪಿಪಿಎಂ ಮೀರದಿದ್ದಾಗ ಮುಗಿಯಿತು. ತಳ ಕಾಣದ ನೀರಿಗೆ ಯಾರನ್ನೂ ಇಳಿಸಬೇಡಿ. ಮುಳುಗಿದವರು ಕಣ್ಣಿಗೆ ಬೀಳುವುದಿಲ್ಲ.

ನೀರು ಹಸಿರಾಗಿಲ್ಲ, ಆದರೆ ಹಾಲು ಬೆರೆಸಿದಂತೆ ಮಸುಕಾಗಿದೆ. ಪಟಿಕ ಹಾಕಲೇ?

ಮೊದಲು ಕಾರಣ ಹುಡುಕಿ. ಮುಕ್ತ ಕ್ಲೋರಿನ್ ಕಡಿಮೆಯಿದ್ದರೆ ಅದು ಪಾಚಿಯ ಆರಂಭ. ಪಿಎಚ್ 8ರ ಮೇಲಿದ್ದು ಗಡಸುತನವೂ ಹೆಚ್ಚಿದ್ದರೆ ಸುಣ್ಣ ಹೊರಬೀಳುತ್ತಿದೆ, ಆಸಿಡ್ ಬೇಕು. ಎರಡೂ ಸರಿಯಿದ್ದರೆ ಫಿಲ್ಟರ್ ನೋಡಿ. ಒತ್ತಡದ ಮುಳ್ಳು ತೊಳೆದ ದಿನಕ್ಕಿಂತ 8ರಿಂದ 10 ಪಿಎಸ್‌ಐ ಏರಿದ್ದರೆ ಬ್ಯಾಕ್‌ವಾಷ್ ಮಾಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಬೇಕು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಕಡೆ ಆಲೆಮನೆಯ ಮಸಿ, ಸುಟ್ಟ ತರಗಿನ ಬೂದಿ ಹಾರಿಬಂದು ನೀರಿನ ಮೇಲೆ ಕೂರುತ್ತದೆ, ಆಗ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಪಟಿಕ ಕೊನೆಯ ಅಸ್ತ್ರ. ಹಾಕುವುದಾದರೆ ರಾತ್ರಿ ಹಾಕಿ, ಪಂಪು ನಿಲ್ಲಿಸಿ, ಬೆಳಿಗ್ಗೆ ತಳಕ್ಕೆ ಇಳಿದ ಕೆಸರನ್ನು ಕದಡದಂತೆ ಹೀರಿ ಹೊರಗೆ ಬಿಡಿ. ಅದು ಪಿಎಚ್ ಮತ್ತು ಕ್ಷಾರೀಯತೆಯನ್ನು ಇಳಿಸುವುದರಿಂದ ಆಮೇಲೆ ಎರಡನ್ನೂ ಅಳೆಯಿರಿ.

ಟೈಲ್ಸ್ ಮೇಲೆ ನೀರಿನ ಮಟ್ಟದಲ್ಲಿ ಗೆರೆ ಕೂತಿದೆ. ಉಜ್ಜಿದರೂ ಹೋಗುವುದಿಲ್ಲ.

ಗೆರೆ ಎರಡು ಬಗೆ. ಬೆರಳಿಗೆ ಜಿಡ್ಡು ಹತ್ತಿದರೆ ಅದು ಎಣ್ಣೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನೀರಿಗೆ ಇಳಿಯುವ ಮನೆಗಳಲ್ಲಿ ಇದು ಸಹಜ. ಒದ್ದೆ ಬಟ್ಟೆಗೆ ಅಡುಗೆ ಸೋಡಾ ಹಾಕಿ ಉಜ್ಜಿದರೆ ಹೋಗುತ್ತದೆ. ಬಿಳಿ, ಒರಟು, ಉಗುರಿಗೆ ಗಟ್ಟಿಯಾಗಿ ಸಿಗುವುದಾದರೆ ಗಡಸು ನೀರಿನ ಸುಣ್ಣ. ವಿನೆಗರ್ ಹನಿ ಹಾಕಿದಾಗ ಗುಳ್ಳೆ ಎದ್ದರೆ ಅನುಮಾನವೇ ಬೇಡ. ವಿನೆಗರ್ ಸವರಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ಪಿಎಚ್ 7.6 ಮೀರದಂತೆ ಕಾಯ್ದರೆ ಹೊಸದಾಗಿ ಕೂರುವುದು ತೀರಾ ಕಡಿಮೆಯಾಗುತ್ತದೆ.

ದಿನಕ್ಕೆ ಎಷ್ಟು ಗಂಟೆ ಪಂಪು ಓಡಿಸಬೇಕು? ನಮ್ಮಲ್ಲಿ ಮೂರು ಫೇಸ್ ವಿದ್ಯುತ್ ಕೆಲವೇ ಗಂಟೆ ಇರುತ್ತದೆ.

ದಿನಕ್ಕೆ ಒಂದು ಸಲವಾದರೂ ಇಡೀ ನೀರು ಫಿಲ್ಟರ್ ದಾಟಬೇಕು. ಗಂಟೆಗೆ 8,000 ಲೀಟರ್ ಎತ್ತುವ ಪಂಪಿಗೆ 40,000 ಲೀಟರ್ ಎಂದರೆ ಐದು ಗಂಟೆ. ತೋಟದ ಮನೆಗೆ ಸಿಂಗಲ್ ಫೇಸ್ ಪಂಪು ಹಾಕಿಸುವುದು ಜಾಣತನ.

ಜೋರು ಮಳೆ ಬಂದ ಮೇಲೆ ಏನು ಮಾಡಬೇಕು?

ಮಳೆನೀರು ಕ್ಷಾರೀಯತೆಯನ್ನು ತೆಳುಮಾಡುತ್ತದೆ, ಗಾಳಿಯ ದೂಳು, ಪಾಚಿಯ ಬೀಜಾಣುಗಳನ್ನೂ ತರುತ್ತದೆ. ಮಳೆ ನಿಂತ ಸಂಜೆಯೇ ಕ್ಲೋರಿನ್ ಅಳೆದು ಸರಿಮಾಡಿ. ಕ್ಷಾರೀಯತೆ 80ಕ್ಕಿಂತ ಇಳಿದಿದ್ದರೆ ಅಡುಗೆ ಸೋಡಾ ಸಾಕು: 40,000 ಲೀಟರ್‌ಗೆ 10 ಪಿಪಿಎಂ ಏರಿಸಲು ಸುಮಾರು 670 ಗ್ರಾಂ. ಅಂಗಳದ ಮಣ್ಣುನೀರು ಕೊಳಕ್ಕೆ ನುಗ್ಗದಂತೆ ಅಂಚು ಎತ್ತರವಿರಲಿ.

## ಕಷ್ಟದ ಪ್ರಶ್ನೆಗಳು

ಎಷ್ಟು ಆಸಿಡ್ ಹಾಕಿದರೂ ಎರಡೇ ದಿನಕ್ಕೆ ಪಿಎಚ್ ಮತ್ತೆ 8ಕ್ಕೆ ಏರುತ್ತದೆ. ಏಕೆ?

ನಮ್ಮ ಬೋರ್‌ವೆಲ್ ನೀರಿನ ಮೂಲ ಸಮಸ್ಯೆ ಇದೇ. ಕ್ಷಾರೀಯತೆ ಪಿಎಚ್‌ಗೆ ಹಾಕಿದ ಮೂಗುದಾರ. 300 ಪಿಪಿಎಂ ಇದ್ದರೆ ಅದು ಪಿಎಚ್ ಅನ್ನು ಮೇಲಕ್ಕೇ ಎಳೆಯುತ್ತದೆ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋದಂತೆಲ್ಲ ಪಿಎಚ್ ಏರುತ್ತದೆ, ಕಾರಂಜಿ, ಜಲಪಾತ ಇಟ್ಟುಕೊಂಡವರಿಗೆ ಇನ್ನೂ ಬೇಗ. ಪಿಎಚ್ 8ಕ್ಕೆ ಬಂದಾಗ, ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ, ಕ್ರಿಮಿ ಕೊಲ್ಲುವ ರೂಪದಲ್ಲಿ ಉಳಿಯುವುದು ಕ್ಲೋರಿನ್‌ನ ಕಾಲು ಭಾಗವಷ್ಟೇ, 7.5ರಲ್ಲಿ ಅರ್ಧದಷ್ಟಿರುತ್ತದೆ.

ಹಾಗಾಗಿ ಇಳಿಸಬೇಕಾದದ್ದು ಕ್ಷಾರೀಯತೆಯನ್ನು. ಆಸಿಡ್ ಹಾಕಿ ಪಿಎಚ್ ಅನ್ನು 7.2ಕ್ಕೆ ತನ್ನಿ. ಆಮೇಲೆ ಕಾರಂಜಿಯನ್ನೋ ಮೇಲ್ಮುಖವಾಗಿ ತಿರುಗಿಸಿದ ನಳಿಗೆಯನ್ನೋ ಓಡಿಸಿ ಗಾಳಿಯಾಡಿಸಿ, ಪಿಎಚ್ ತಾನಾಗಿ ಏರಲು ಬಿಡಿ. ಏರಿದಾಗ ಮತ್ತೆ ಆಸಿಡ್. ಪ್ರತಿ ಸುತ್ತಿನಲ್ಲೂ ಕ್ಷಾರೀಯತೆ ಒಂದಿಷ್ಟು ಇಳಿದು ಅಲ್ಲೇ ನಿಲ್ಲುತ್ತದೆ. ಶೇ 33ರ ಹೈಡ್ರೋಕ್ಲೋರಿಕ್ ಆಸಿಡ್ 800 ಮಿಲಿಲೀಟರ್‌ಗೆ 40,000 ಲೀಟರ್ ನೀರಿನಲ್ಲಿ ಸುಮಾರು 10 ಪಿಪಿಎಂ ಇಳಿಯುತ್ತದೆ. 300ರಿಂದ 100ಕ್ಕೆ ಬರಲು 16 ಲೀಟರ್ ಬೇಕು. ಅವಸರಪಟ್ಟು ಒಟ್ಟಿಗೆ ಸುರಿದರೆ ಸಿಮೆಂಟು, ಟೈಲ್ಸ್ ಸಂದಿನ ಗಾರೆ, ಪಂಪಿನ ಲೋಹ ಎಲ್ಲವನ್ನೂ ತಿಂದುಹಾಕುತ್ತದೆ. ವಾರಗಟ್ಟಲೆ ಹಿಡಿಯಲಿ, ಪರವಾಗಿಲ್ಲ. ಹೊಸ ಗಾರೆಯ ಕೊಳವಾದರೆ ಸಿಮೆಂಟಿನಿಂದಲೇ ಸುಣ್ಣ ಇಳಿದು ಕೆಲವು ತಿಂಗಳು ಪಿಎಚ್ ಏರುತ್ತಿರುತ್ತದೆ. ಅದು ತಾನಾಗಿ ತಗ್ಗುತ್ತದೆ.

ತಿಳಿನೀರಿಗೆ ಕ್ಲೋರಿನ್ ಹಾಕಿದ ಕೂಡಲೇ ಚಹಾದ ಬಣ್ಣಕ್ಕೆ ತಿರುಗಿತು.

ಅದು ಕಬ್ಬಿಣ. ಕೊಳವೆ ಬಾವಿಯ ಆಳದಲ್ಲಿ ಕರಗಿದ್ದದ್ದು ಕ್ಲೋರಿನ್ ತಗುಲಿದೊಡನೆ ತುಕ್ಕಾಗಿ ಹೊರಬರುತ್ತದೆ. ಇನ್ನೂ ತುಂಬಿಸದವರು ಬಿಳಿ ಬಕೆಟ್‌ನಲ್ಲಿ ಬೋರ್‌ವೆಲ್ ನೀರು ಹಿಡಿದು ಒಂದು ಚಮಚ ಹೈಪೋಕ್ಲೋರೈಟ್ ಹಾಕಿ ನೋಡಲಿ. ಸ್ವಲ್ಪ ಹೊತ್ತಿನಲ್ಲೇ ಬಣ್ಣ ತಿಳಿಸುತ್ತದೆ. ತುಂಬಿಸಿಬಿಟ್ಟಿದ್ದರೆ ಪಿಎಚ್ 7.2ರಲ್ಲಿ ಹಿಡಿದು, ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಮೇಲ್ಮೈಯ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಸಡಿಲವಾಗಿ ತುಂಬಿ ಪಂಪು ಓಡಿಸಿ. ಬಿಳಿ ಹತ್ತಿ ಕೆಲವೇ ಗಂಟೆಯಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ಬರುತ್ತದೆ, ಬದಲಿಸುತ್ತಾ ಹೋಗಿ. ಗೋಡೆಯ ಕಂದು ಕಲೆಯ ಮೇಲೆ ವಿಟಮಿನ್ ಸಿ ಮಾತ್ರೆಯನ್ನು ಒತ್ತಿ ಹಿಡಿದು, ಕಲೆ ಮಾಸಿದರೆ ಕಬ್ಬಿಣವೇ ಎಂದು ಖಾತ್ರಿ.

ಪಾಚಿಗೆ ಮೈಲುತುತ್ತ ಹಾಕಿದರೆ ಅಗ್ಗವಲ್ಲವೇ? ತೋಟಕ್ಕೆ ತಂದದ್ದು ಮನೆಯಲ್ಲೇ ಇದೆ.

ಪಾಚಿ ಸಾಯುವುದು ನಿಜ. ಆದರೆ ಮೈಲುತುತ್ತದಲ್ಲಿರುವ ತಾಮ್ರ ನೀರಿನಿಂದ ಎಲ್ಲಿಗೂ ಹೋಗುವುದಿಲ್ಲ. ಪಿಎಚ್ ಏರಿದಾಗ ಗೋಡೆಯ ಮೇಲೆ ನೀಲಿ, ಹಸಿರು, ಕಪ್ಪು ಕಲೆಗಳಾಗಿ ಕೂರುತ್ತದೆ, ನರೆತ ಕೂದಲಿಗೆ ಹಸಿರು ಛಾಯೆ ಕೊಡುತ್ತದೆ. ತೋಟದ ಬೋರ್ಡೊ ದ್ರಾವಣಕ್ಕೇ ಅದು ಇರಲಿ.

ಕ್ಲೋರಿನ್ 3 ತೋರಿಸುತ್ತದೆ, ಪಿಎಚ್ ಸರಿಯಿದೆ, ಆದರೂ ಪಾಚಿ ಬರುತ್ತಲೇ ಇದೆ.

ವರ್ಷಗಟ್ಟಲೆ ಟಿಸಿಸಿಎ ಮಾತ್ರೆಯನ್ನೇ ಹಾಕುತ್ತಾ ಬಂದಿದ್ದೀರಾ? ಆ ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರುವಾಗ ಸ್ಟೆಬಿಲೈಸರ್ 6 ಪಿಪಿಎಂ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಉಳಿಯುತ್ತದೆ. ಅದು ಬಿಸಿಲಿನಿಂದ ಕ್ಲೋರಿನ್ ಅನ್ನು ಕಾಯುವುದರ ಜೊತೆಗೆ ಅದರ ಕೈಯನ್ನೂ ಕಟ್ಟುತ್ತದೆ. ಪಾಚಿ ಬರದಂತೆ ತಡೆಯಲು ಮುಕ್ತ ಕ್ಲೋರಿನ್ ಸ್ಟೆಬಿಲೈಸರ್‌ನ ಸುಮಾರು ಶೇ 7.5ರಷ್ಟಿರಬೇಕು. ಸ್ಟೆಬಿಲೈಸರ್ 40 ಇದ್ದರೆ 3 ಸಾಕು. 120 ಆಗಿದ್ದರೆ 9 ಬೇಕು. ಇದನ್ನು ಇಳಿಸಲು ನಂಬಬಹುದಾದ ರಾಸಾಯನಿಕವಿಲ್ಲ, ಒಂದಿಷ್ಟು ನೀರು ಬದಲಿಸಲೇಬೇಕು. ಅರ್ಧ ನೀರು ಬದಲಿಸಿದರೆ 120 ಇದ್ದದ್ದು 60 ಆಗುತ್ತದೆ.

ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಎನ್ನುತ್ತಾರೆ. ನಮ್ಮ ಕೊಳಕ್ಕೂ ಬರಬಹುದೇ?

ನೇಗ್ಲೇರಿಯಾ ಫೌಲೆರಿ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಜೀವಿ. ನೀರು ಮೂಗಿಗೆ ನುಗ್ಗಿದಾಗ ಅಪಾಯ. ಕುಡಿದರೆ ಈ ಸೋಂಕು ಬರುವುದಿಲ್ಲ. ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಪಿಎಚ್, ಕ್ಲೋರಿನ್ ಸದಾ ಸರಿಯಿರುವ ಕೊಳದಲ್ಲಿ ಹೆದರಬೇಕಿಲ್ಲ. ಆದರೆ "ಎರಡು ದಿನ ಕ್ಲೋರಿನ್ ಇಲ್ಲದಿದ್ದರೆ ಏನು ಮಹಾ" ಎನ್ನುವವರ ಕೊಳಕ್ಕೆ ಈ ಭರವಸೆ ಕೊಡಲಾರೆ. ಏಪ್ರಿಲ್, ಮೇ ತಿಂಗಳ ಬೆಚ್ಚಗಿನ ನೀರಿನಲ್ಲಿ ಕ್ಲೋರಿನ್ ಸೊನ್ನೆಯಿದ್ದರೆ ಮಕ್ಕಳನ್ನು ಇಳಿಸಬೇಡಿ.

ನೀರು ಬದಲಿಸಲೇಬೇಕಾದರೆ ಹೇಗೆ ಬದಲಿಸುವುದು? ತೆಗೆದ ನೀರನ್ನು ಎಲ್ಲಿಗೆ ಬಿಡುವುದು?

ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡಬೇಡಿ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಸುತ್ತ ಗದ್ದೆಗೆ ನೀರು ನಿಲ್ಲಿಸಿದ ಕಾಲದಲ್ಲಿ, ಅಂತರ್ಜಲ ನೆಲದ ಹತ್ತಿರಕ್ಕೆ ಬಂದಿರುತ್ತದೆ. ಒಳಗಿನ ನೀರಿನ ಭಾರ ಇಲ್ಲವಾದರೆ ಹೊರಗಿನ ಒತ್ತಡಕ್ಕೆ ಕೊಳದ ತಳ ಬಿರುಕು ಬಿಡಬಹುದು, ಇಡೀ ತೊಟ್ಟಿಯೇ ಮೇಲೇಳಬಹುದು. ಪಕ್ಕದ ತೆರೆದ ಬಾವಿಯಲ್ಲಿ ನೀರಿನ ಮಟ್ಟ ನೋಡಿ, ಕಾಲು ಭಾಗದಂತೆ ಬದಲಿಸಿ. ಹೀಗೆ ಕಂತಿನಲ್ಲಿ ಬದಲಿಸುವಾಗ ಹೊಸ ನೀರೂ ಒಂದಿಷ್ಟು ಹೊರಹೋಗುವುದರಿಂದ, ಅರ್ಧದಷ್ಟು ಇಳಿಕೆ ಬೇಕಾದರೆ ಎರಡಲ್ಲ, ಮೂರು ಕಂತು ಬೇಕಾಗುತ್ತದೆ. ಮಳೆಗಾಲದ ಕೊನೆಗೆ, ತೊಟ್ಟಿಯಲ್ಲಿ ಹಿಡಿದ ತಾರಸಿ ನೀರು ತುಂಬಿರುವಾಗ ಮಾಡಿದರೆ ಗಡಸುತನವೂ ಜೊತೆಗೇ ಇಳಿಯುತ್ತದೆ.

ತೆಗೆಯುವ ಮೊದಲು ಕೆಲವು ದಿನ ಕ್ಲೋರಿನ್ ಹಾಕದೆ ಬಿಟ್ಟು, ಸೊನ್ನೆಗೆ ಇಳಿದಿದೆಯೇ ಎಂದು ಅಳೆಯಿರಿ. ಆ ದಿನಗಳಲ್ಲಿ ಯಾರೂ ಈಜಬಾರದು. ಪಿಎಚ್ 7ರಿಂದ 8ರೊಳಗಿದ್ದರೆ ತೆಂಗಿನ ಬುಡಗಳಿಗೆ, ಹುಲ್ಲುಹಾಸಿಗೆ ಹಂಚಿ ಬಿಡಿ, ಒಂದೇ ಕಡೆ ನಿಲ್ಲದಂತೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರದ ಕೊಳವಾದರೆ ಆ ನೀರು ಗಿಡಗಳಿಗೆ ಬೇಡ, ಅದರಲ್ಲಿ ಸುಮಾರು 3,000 ಪಿಪಿಎಂ ಉಪ್ಪಿರುತ್ತದೆ. ನಾಲೆಗಾಗಲಿ ಕೆರೆಗಾಗಲಿ ಯಾವ ಕೊಳದ ನೀರನ್ನೂ ಬಿಡಬೇಡಿ; ಮನುಷ್ಯರಿಗೆ ತೊಂದರೆ ಕೊಡದಷ್ಟು ಕ್ಲೋರಿನ್ ಕೂಡ ಮೀನುಗಳನ್ನು ಕೊಲ್ಲುತ್ತದೆ.